ಯುಗಾದಿ ದಿನದ ಏಳು ಬಿಲ್ಲು: ಕಂಪನಿಯ ಸುಳ್ಳು ಲೆಕ್ಕ ಬಯಲಾಗಲು ಹಿಡಿದ ಹತ್ತು ತಿಂಗಳು

ಕಳೆದ ವಾರ ನನ್ನ ಕೊನೆಯ ಬಾಕಿ ಹಣ ಖಾತೆಗೆ ಬಂತು. ಮೊಬೈಲಿಗೆ ಬಂದ ಮೆಸೇಜು ನೋಡಿ ಅಡುಗೆಮನೆಯಲ್ಲೇ ಕೂತು ಅತ್ತೆ. ಹತ್ತು ತಿಂಗಳಿಂದ ಎದೆ ಮೇಲೆ ಕೂತಿದ್ದ ಭಾರ ಅದು.

ನಾನು ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ 11 ವರ್ಷ ಅಕೌಂಟ್ಸ್ ನೋಡಿಕೊಂಡವಳು. ಪಂಪು, ವಾಲ್ವ್‌ಗಳ ಬಿಡಿಭಾಗ ಮಾಡುವ ಕಾರ್ಖಾನೆ. ಹೆಸರು ಹೇಳುವುದಿಲ್ಲ. ಬ್ಯಾಂಕಿನದು, ಕಾನೂನಿನದು ಇನ್ನೂ ನಡೆಯುತ್ತಿದೆ. ಲೆಕ್ಕದಲ್ಲಿ ಮೋಸ ಕಂಡಾಗ ಮೊದಲು ಯಾರಿಗೆ ಹೇಳಬೇಕು, ಏನು ಇಟ್ಟುಕೊಳ್ಳಬೇಕು, ಏನನ್ನು ಮುಟ್ಟಲೇಬಾರದು ಅಂತ ಕನ್ನಡದಲ್ಲಿ ಹುಡುಕಿದಾಗ ನನಗೆ ಏನೂ ಸಿಗಲಿಲ್ಲ. ನನ್ನ ಹಾಗೆ ರಾತ್ರಿ ನಿದ್ದೆ ಬಿಟ್ಟು ಹುಡುಕುತ್ತಿರುವ ಯಾರಿಗಾದರೂ ಇದು ಸಿಗಲಿ ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು 2025ರ ಏಪ್ರಿಲ್ 22ರಂದು. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಆಡಿಟರ್ ಕಡೆಯವರಿಗೆ ಕೊಡಲು ಮಾರ್ಚ್ ತಿಂಗಳ ಬಿಲ್ಲು, ಇ-ವೇ ಬಿಲ್ಲುಗಳನ್ನು (ಮಾಲು ಸಾಗಿಸಲು ಸರ್ಕಾರದ ಪೋರ್ಟಲ್‌ನಲ್ಲಿ ಮಾಡುವ ದಾಖಲೆ) ಜೋಡಿಸುತ್ತಿದ್ದೆ. ಏಳು ಬಿಲ್ಲಿಗೆ ಇ-ವೇ ಬಿಲ್ಲು ಸಿಗಲಿಲ್ಲ. ಪೋರ್ಟಲ್‌ನಲ್ಲಿ ಹುಡುಕಿದರೆ ಏಳೂ ಇದ್ದವು, ಆದರೆ ಏಳೂ ರದ್ದಾಗಿದ್ದವು. ಇ-ವೇ ಬಿಲ್ಲು ಮಾಡಿದ 24 ಗಂಟೆಯೊಳಗೆ ರದ್ದು ಮಾಡಬಹುದು. ಲಾರಿ ಕೆಟ್ಟರೆ, ಆರ್ಡರ್ ತಪ್ಪಿದರೆ ನಾವೂ ಮಾಡುತ್ತೇವೆ. ಏಳಕ್ಕೆ ಏಳೂ ಯಾಕೆ?

ಆ ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಒಂದೊಂದೂ ಸರಿಯಾಗಿ 44 ಲಕ್ಷ. ಒಟ್ಟು 3 ಕೋಟಿ 8 ಲಕ್ಷ. ನಮ್ಮ ಮಾಲು ತೂಕದ ಮೇಲೆ ಹೋಗುತ್ತದೆ. ನಿಜವಾದ ಬಿಲ್ಲು 38,67,412 ಅಂತಲೋ, 41,09,885 ಅಂತಲೋ ಚಿಲ್ಲರೆ ಇಟ್ಟುಕೊಂಡೇ ಬರುತ್ತದೆ. 11 ವರ್ಷದಲ್ಲಿ ಇಷ್ಟು ದುಂಡಗಿನ ಬಿಲ್ಲು ನಾನು ಕಂಡಿರಲಿಲ್ಲ. ಆಮೇಲೆ ತಾರೀಕು ನೋಡಿದೆ. ಮಾರ್ಚ್ 30, ಭಾನುವಾರ. ಅವತ್ತು ಯುಗಾದಿ.

ಮರುದಿನ ಸೋಮವಾರ ಹೊಸತೊಡಕು, ರಂಜಾನ್ ಕೂಡ ಅದೇ ದಿನ. ಕಾರ್ಖಾನೆಗೆ ಎರಡು ದಿನವೂ ರಜೆ ಇತ್ತು. ನಾನು ಮನೆಯಲ್ಲಿ ಬೇವು ಬೆಲ್ಲ ಹಂಚುತ್ತಿದ್ದ ದಿನ, ಪುಸ್ತಕದ ಪ್ರಕಾರ ನಮ್ಮ ಗೇಟಿಂದ ಏಳು ಲೋಡು, 60 ಟನ್ನಿಗೂ ಜಾಸ್ತಿ ಮಾಲು ಹೊರಗೆ ಹೋಗಿದೆ.

ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಪಕ್ಕ ಸಣ್ಣ ಅಕ್ಷರದಲ್ಲಿ ಆಕ್ ನಂಬರ್, ಆಕ್ ಡೇಟ್ (ಪೋರ್ಟಲ್ ಆ ಬಿಲ್ಲನ್ನು ಸ್ವೀಕರಿಸಿದ ನಂಬರ್, ತಾರೀಕು) ಅಂತ ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಬಿಲ್ಲಿನ ತಾರೀಕನ್ನು ನಾವು ಹಿಂದಿನದು ಹಾಕಬಹುದು. ಆಕ್ ಡೇಟ್ ಮಾತ್ರ ಸರ್ಕಾರದ ಪೋರ್ಟಲ್ ಹಾಕುವುದು, ಅದನ್ನು ನಮ್ಮಿಂದ ಬದಲಾಯಿಸಲು ಆಗುವುದಿಲ್ಲ. ಏಳೂ ಬಿಲ್ಲಿನ ಆಕ್ ಡೇಟ್ ಏಪ್ರಿಲ್ 4, ರಾತ್ರಿ 11 ಗಂಟೆ ಮೇಲೆ. ಅಕೌಂಟ್ಸ್ ಕೆಲಸದಲ್ಲಿರುವವರು ದಯವಿಟ್ಟು ಈ ಒಂದು ಸಾಲು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಾರ್ಚ್ ಕೊನೆಯ ಮಾರಾಟ ನಿಜವೋ ಸುಳ್ಳೋ ಅಂತ ಅರ್ಧ ಗೊತ್ತಾಗುವುದು ಅಲ್ಲೇ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ರಜೆಯಲ್ಲೂ ಯಾರಾದರೂ ಬಂದು ಲೋಡು ಮಾಡಿಸಿರಬಹುದು, ಬಿಲ್ಲು ಮಾತ್ರ ತಡವಾಗಿ ಹಾಕಿರಬಹುದು ಅಂದುಕೊಂಡೆ. ಊಟದ ಹೊತ್ತಿಗೆ ಗೇಟಿಗೆ ಹೋದೆ. ನಮ್ಮ ಸೆಕ್ಯುರಿಟಿ ಅಣ್ಣ ಸಿರಾ ಕಡೆಯವರು, ವಯಸ್ಸು ಅರವತ್ತರ ಹತ್ತಿರ. ಹೊರಹೋಗುವ ಗಾಡಿಯ ರಿಜಿಸ್ಟರ್ ಕೇಳಿದೆ. ಮಾರ್ಚ್ 30ರ ಪುಟದಲ್ಲಿ ಮೇಲಿಂದ ಕೆಳಕ್ಕೆ ಓರೆಯಾಗಿ ಒಂದು ಗೆರೆ. ಗೆರೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಯುಗಾದಿ ಹಬ್ಬ ರಜ’ ಅಂತ ನೀಲಿ ಪೆನ್ನಿನಲ್ಲಿ ಬರೆದಿತ್ತು. ಕೆಳಗೆ ಅವರ ಸಹಿ.

‘ಅಣ್ಣ, ಅವತ್ತು ಒಂದು ಗಾಡಿನೂ ಹೋಗಿಲ್ವಾ?’ ಅಂದೆ.

‘ಗೇಟೇ ತೆಗ್ದಿಲ್ಲ ಕಣಮ್ಮ. ನಾನೊಬ್ನೇ ಇದ್ದೆ. ಒಬ್ಬಟ್ಟು ತರ್ತೀನಿ ಅಂದ ಮಗನೂ ಬರ್ಲಿಲ್ಲ’ ಅಂದರು.

ಆ ಪುಟ ನನ್ನ ಕಣ್ಣ ಮುಂದೆ ಇವತ್ತಿಗೂ ಇದೆ. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಎಂಟ್ರಿ ಹಾಕಬಹುದು. ಗೇಟಿನ ಪುಸ್ತಕ, ತೂಕದ ಚೀಟಿ, ಲಾರಿಯವರು ಮಾಲಿಗೆ ಕೊಡುವ ಎಲ್‌ಆರ್ ರಸೀದಿ, ಬೆಸ್ಕಾಂ ಬಿಲ್ಲು ಇವು ಅಕೌಂಟ್ಸ್ ಕೈಯಲ್ಲಿ ಇಲ್ಲದ ಕಾಗದಗಳು. ಸುಳ್ಳು ಸಿಕ್ಕಿಬೀಳುವುದು ಅಲ್ಲಿ. ಅದೇ ದಿನ ಬೆಸ್ಕಾಂ ಬಿಲ್ಲೂ ತೆಗೆದು ನೋಡಿದೆ. ವರ್ಷದಲ್ಲೇ ಜಾಸ್ತಿ ಮಾರಾಟ ಮಾರ್ಚ್‌ನಲ್ಲಿ ಆಗಿದೆ ಅನ್ನುತ್ತದೆ ಪುಸ್ತಕ. ಸುಟ್ಟ ಯೂನಿಟ್ಟು ಫೆಬ್ರವರಿಗಿಂತ ಕಡಿಮೆ. ಮಿಷನ್ ಓಡದೆ ಮಾಲು ಎಲ್ಲಿಂದ ಬರಬೇಕು?

ಇಂಥದ್ದು ಯಾಕೆ ಮಾಡುತ್ತಾರೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಜನ ತಿಳಿದಿರುವ ಹಾಗೆ ಇಲ್ಲಿ ಯಾರೂ ಗಲ್ಲಾಪೆಟ್ಟಿಗೆಯಿಂದ ದುಡ್ಡು ಎತ್ತಿಕೊಂಡು ಹೋಗಿರಲಿಲ್ಲ. ನಮಗೆ ಬ್ಯಾಂಕಿನಲ್ಲಿ 15 ಕೋಟಿಯ ಸಿಸಿ ಲಿಮಿಟ್, ಅಂದರೆ ವ್ಯವಹಾರಕ್ಕೆ ಬೇಕಾದಾಗ ತೆಗೆದು ಕಟ್ಟುವ ಸಾಲ ಇತ್ತು. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಬ್ಯಾಂಕಿನವರು ಅದರ ಮೇಲೆ ಡಿಪಿ, ಅಂದರೆ ಎಷ್ಟು ಹಣ ತೆಗೆಯಬಹುದು ಅಂತ ಲೆಕ್ಕ ಹಾಕುತ್ತಾರೆ. ಸುಲಭವಾಗಲಿ ಅಂತ ದುಂಡು ಅಂಕಿಯಲ್ಲಿ ಹೇಳುತ್ತೇನೆ. ಸ್ಟಾಕು 10 ಕೋಟಿ, ಗಿರಾಕಿಗಳಿಂದ ಬರಬೇಕಾದ್ದು 14 ಕೋಟಿ, ನಾವು ಕೊಡಬೇಕಾದ್ದು 4 ಕೋಟಿ. ಉಳಿದ 20 ಕೋಟಿಯಲ್ಲಿ ಕಾಲು ಭಾಗ ಮಾರ್ಜಿನ್ ಕಳೆದರೆ 15 ಕೋಟಿ ಡಿಪಿ. ಆದರೆ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬ ದೊಡ್ಡ ಗಿರಾಕಿ 6 ಕೋಟಿ ಕೊಡದೆ ಸತಾಯಿಸಿದ ಅಂದುಕೊಳ್ಳಿ. ಡಿಪಿ ಒಂದೇ ಏಟಿಗೆ ಹತ್ತೂವರೆ ಕೋಟಿಗೆ ಇಳಿಯುತ್ತದೆ. ಉಳಿದ ನಾಲ್ಕೂವರೆ ಕೋಟಿ ತಂದು ಕಟ್ಟಬೇಕು. ಆಗ ಶುರುವಾಗುತ್ತದೆ, 90 ದಿನ ದಾಟದ ಹೊಸ ಬಾಕಿ ತೋರಿಸಲು ಇಲ್ಲದ ಗಿರಾಕಿಗಳನ್ನು ಹುಟ್ಟಿಸುವ ಕೆಲಸ. ಈ ತಿಂಗಳು ಒಂದು ಸಲ, ಮುಂದಿನ ತಿಂಗಳು ಸರಿಮಾಡೋಣ ಅಂತ. ಮುಂದಿನ ತಿಂಗಳು ಹಳೆಯ ಸುಳ್ಳನ್ನು ಮುಚ್ಚಲು ಇನ್ನೂ ದೊಡ್ಡದು ಬೇಕಾಗುತ್ತದೆ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಕಥೆಯೂ ಹೀಗೇ ಬೆಳೆದಿದ್ದು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬೋರ್ಡಿಗೆ ಪತ್ರ ಬರೆದಾಗ ನಾನು ಬಿ.ಕಾಂ. ಓದುತ್ತಿದ್ದೆ. ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್ ಅಂತ ತೋರಿಸಿದ್ದರಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಸಣ್ಣ ಅಂತರದಿಂದ ಶುರುವಾಗಿ ವರ್ಷ ವರ್ಷ ಬೆಳೆಯಿತು ಅಂತ ಆ ಪತ್ರದಲ್ಲೇ ಇತ್ತು. ನಮ್ಮ ಮೇಷ್ಟ್ರು ಪೇಪರ್ ತಂದು ಓದಿ ಹೇಳಿದ್ದರು. ಇಂಥದ್ದು ನಾನು ಕೂತ ಮೇಜಿನ ಮೇಲೇ ಬರುತ್ತದೆ ಅಂತ ಅವತ್ತು ಅನಿಸಿರಲಿಲ್ಲ.

ಮೇ ತಿಂಗಳಲ್ಲಿ ಆ ಏಳರಲ್ಲಿ ನಾಲ್ಕು ಬಿಲ್ಲಿಗೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತವನ್ನು ಗಿರಾಕಿಯ ಬಾಕಿಯಿಂದ ಕಳೆಯುವ ಚೀಟಿ ಹಾಕಿಸಿದರು. ಕಾರಣ, ಮಾಲಿನ ಗುಣಮಟ್ಟ ಸರಿಯಿಲ್ಲ, ವಾಪಸ್. ಆದರೆ ಗೇಟಿನ ಒಳಬರುವ ರಿಜಿಸ್ಟರಿನಲ್ಲಿ ಒಂದು ಕಿಲೋ ಕೂಡ ವಾಪಸ್ ಬಂದಿರಲಿಲ್ಲ. ಅವತ್ತು ಧೈರ್ಯ ಮಾಡಿ ನಮ್ಮ ಫೈನಾನ್ಸ್ ಹೆಡ್ ಹತ್ತಿರ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಬಾಗಿಲು ಹಾಕಿ ಬರಲು ಹೇಳಿದರು. ‘ಇದೆಲ್ಲ ವಿಂಡೋ ಡ್ರೆಸ್ಸಿಂಗ್ ಅಷ್ಟೇ ಮೇಡಂ. ಯಾರ ದುಡ್ಡೂ ಹೋಗಿಲ್ಲ. ಬ್ಯಾಂಕಿಗೆ ಬಡ್ಡಿ ಸರಿಯಾಗಿ ಹೋಗ್ತಿದೆ. 140 ಜನರ ಸಂಬಳ ಇದ್ರ ಮೇಲೆ ನಿಂತಿದೆ’ ಅಂದರು.

ಆ ಕೊನೆಯ ಮಾತು ನನ್ನನ್ನು ಮೂರು ವಾರ ಸುಮ್ಮನಿರಿಸಿತು. ಎಂ.ಡಿ. ಸಾಹೇಬರು ಕೆಟ್ಟ ಮನುಷ್ಯ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. 2019ರಲ್ಲಿ ನಮ್ಮಮ್ಮನ ಆಪರೇಷನ್ನಿಗೆ ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟವರು ಅವರೇ. ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತದಲ್ಲ ಅಂತ ಒಂದು ಕಡೆ. ವರ್ಷದ ಕೊನೆಯಲ್ಲಿ ಆ ಲೆಕ್ಕಕ್ಕೆ ಕಾಗದ ಜೋಡಿಸಿ ಕೊಡುವವಳು ನಾನೇ ಅನ್ನುವುದು ಇನ್ನೊಂದು ಕಡೆ. ಆ ಮೂರು ವಾರ ಕಾದಿದ್ದು ತಪ್ಪು ಅಂತ ಈಗ ಗೊತ್ತು. ನನ್ನ ವಿರುದ್ಧ ಆಮೇಲೆ ಬಳಸಿದ ಮೊದಲ ಮಾತೇ ಅದು, ‘ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳಲಿಲ್ಲ?’

ಜೂನ್ ಮೊದಲ ವಾರ ಗಂಡನ ಜೊತೆ ರಾಜಾಜಿನಗರದ ಒಬ್ಬ ವಕೀಲರ ಹತ್ತಿರ ಹೋದೆ. ಒಂದು ಗಂಟೆಗೆ 3,000 ರೂಪಾಯಿ. ನನ್ನ ಇಡೀ ಹೋರಾಟದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ದುಡ್ಡು ಅದು. ಅವರು ಕೇಳಿದ ಮೊದಲ ಪ್ರಶ್ನೆ, ‘ಮನೆಗೆ ಏನಾದ್ರೂ ಕಾಪಿ ತಂದಿದ್ದೀರಾ?’ ಇಲ್ಲ ಅಂದೆ. ‘ತರಬೇಡಿ. ಪೆನ್ ಡ್ರೈವ್, ಸ್ವಂತ ಜಿಮೇಲ್, ವಾಟ್ಸ್ಯಾಪ್ ಫೋಟೊ ಯಾವುದೂ ಬೇಡ. ಡೇಟಾ ಕದ್ದಳು ಅಂತ ಕೇಸ್ ಹಾಕಿದ್ರೆ ಮಾತೆಲ್ಲ ಅದರ ಮೇಲೇ ತಿರುಗುತ್ತೆ’ ಅಂದರು. ಹಾಗಾದರೆ ಏನು ಮಾಡಲಿ? ಒಂದು ಡೈರಿ ಇಟ್ಟುಕೊಳ್ಳಿ, ಬಿಲ್ ನಂಬರ್, ತಾರೀಕು, ಯಾರು ಏನು ಹೇಳಿದರು ಅಂತ ಅವತ್ತಿನದು ಅವತ್ತೇ ಬರೆಯಿರಿ, ಪುಟದ ನಡುವೆ ಜಾಗ ಬಿಡಬೇಡಿ ಅಂದರು. ಕಂಪನಿಯ ಮೇಲ್‌ನಿಂದಲೇ ಕೇಳಬೇಕಾದ್ದನ್ನು ಕೇಳಿ, ಅದು ಸರ್ವರ್‌ನಲ್ಲಿ ಉಳಿಯುತ್ತದೆ ಅಂದರು. ನನ್ನ ಡೈರಿ 60 ರೂಪಾಯಿಯ ಒಂದು ನೋಟ್‌ಬುಕ್ಕು. ಆರು ತಿಂಗಳ ಮೇಲೆ ಅದನ್ನು ಫೊರೆನ್ಸಿಕ್ ಆಡಿಟರ್, ಅಂದರೆ ಲೆಕ್ಕದ ಮೋಸವನ್ನು ತನಿಖೆ ಮಾಡುವವರು ಪುಟಪುಟವಾಗಿ ಓದಿದರು.

ಕಾನೂನಿನ ರಕ್ಷಣೆ ಇದೆಯಾ ಅಂತ ಕೇಳಿದೆ. 2014ರ ವಿಷಲ್ ಬ್ಲೋವರ್ಸ್ ಕಾಯ್ದೆ ಸರ್ಕಾರಿ ನೌಕರರ ಭ್ರಷ್ಟಾಚಾರದ ದೂರಿಗೆ ಸಂಬಂಧಿಸಿದ್ದು, ಖಾಸಗಿ ಕಂಪನಿಯ ಒಳಗಿನದಕ್ಕೆ ಬರುವುದಿಲ್ಲ ಅಂದರು. ಕಂಪನಿ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ವಿಜಿಲ್ ಮೆಕ್ಯಾನಿಸಂ ಅಂತ ಇದೆ, ನೌಕರರು ಒಳಗಿನ ಮೋಸವನ್ನು ತಿಳಿಸುವ ವ್ಯವಸ್ಥೆ. ಅದು ಇರಲೇಬೇಕಾದ್ದು ಲಿಸ್ಟೆಡ್ ಕಂಪನಿಗೆ, ಜನರಿಂದ ಡೆಪಾಸಿಟ್ ತೆಗೆದುಕೊಂಡ ಕಂಪನಿಗೆ, ಬ್ಯಾಂಕು ಹಣಕಾಸು ಸಂಸ್ಥೆಗಳಿಂದ 50 ಕೋಟಿಗಿಂತ ಜಾಸ್ತಿ ಸಾಲ ಇರುವ ಕಂಪನಿಗೆ. ನಮ್ಮದು ಮೂರರಲ್ಲೂ ಬರಲಿಲ್ಲ. ನಿಮ್ಮ ಕಂಪನಿ ಬರುವುದಾದರೆ ಆಡಿಟ್ ಕಮಿಟಿಯ ಅಧ್ಯಕ್ಷರಿಗೆ ನೇರವಾಗಿ ಬರೆಯುವ ದಾರಿ ಇರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ನಮಗೆ ಉಳಿದ ದಾರಿ ಸ್ಟ್ಯಾಚುಟರಿ ಆಡಿಟರ್, ಅಂದರೆ ಕಾನೂನಿನ ಪ್ರಕಾರ ಕಂಪನಿಯ ವರ್ಷದ ಲೆಕ್ಕ ಪರಿಶೀಲಿಸುವ ಹೊರಗಿನ ಸಿಎ. ಕಂಪನಿ ಕಾಯ್ದೆಯ 143ನೇ ಸೆಕ್ಷನ್ನಿನ 12ನೇ ಉಪವಿಭಾಗದ ಪ್ರಕಾರ ಕಂಪನಿಯ ಅಧಿಕಾರಿಗಳೋ ನೌಕರರೋ ಮೋಸ ಮಾಡಿದ್ದಾರೆ ಅಂತ ಆಡಿಟರಿಗೆ ಕಂಡುಬಂದರೆ ಅವರು ಸುಮ್ಮನಿರುವ ಹಾಗಿಲ್ಲ. ಒಂದು ಕೋಟಿ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಕೇಂದ್ರ ಸರ್ಕಾರಕ್ಕೇ ವರದಿ ಹೋಗಬೇಕು. ಗೊತ್ತಾದ 2 ದಿನದಲ್ಲಿ ಬೋರ್ಡಿಗೆ ಪತ್ರ, ಉತ್ತರಕ್ಕೆ 45 ದಿನ, ಉತ್ತರ ಬಂದ ಮೇಲೆ 15 ದಿನದೊಳಗೆ ಎಡಿಟಿ-4 ಅನ್ನುವ ಫಾರಂನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ (ಎಂಸಿಎ). ಉತ್ತರ ಬರದಿದ್ದರೂ ಕಳಿಸಲೇಬೇಕು.

ಆದರೆ ಆಡಿಟರೇ ಅವರ ಜೊತೆ ಸೇರಿದ್ದರೆ? ಈ ಹೆದರಿಕೆ ನನಗೂ ಇತ್ತು. ಅದಕ್ಕೆ ಎರಡು ಕೆಲಸ ಮಾಡಿದೆ. ಹಿಂದಿನ ವರ್ಷಗಳ ಆಡಿಟ್ ವರದಿಯ ಯುಡಿಐಎನ್ ನಂಬರನ್ನು ಸಿಎಗಳ ಸಂಸ್ಥೆಯಾದ ಐಸಿಎಐ ಜಾಲತಾಣದಲ್ಲಿ ಹಾಕಿ ನೋಡಿದೆ. 18 ಅಂಕಿ ಅಕ್ಷರದ ಆ ನಂಬರ್ ಹಾಕಿದರೆ ಆ ಸಿಎ ನಿಜವಾಗಿ ಆ ಕಾಗದಕ್ಕೆ ಸಹಿ ಹಾಕಿದ್ದಾರಾ ಅಂತ ಯಾರು ಬೇಕಾದರೂ ನೋಡಬಹುದು, ಖರ್ಚಿಲ್ಲ. ಆಮೇಲೆ ಎಂಸಿಎ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ನಮ್ಮದೇ ಕಂಪನಿಯ ಕಡತಗಳನ್ನು ತೆಗೆದೆ. ಹಣ ಕಟ್ಟಿದ ಮೇಲೆ ನೋಡಲು ಸಿಗುವ ಸಮಯ ಮೂರು ಗಂಟೆ ಮಾತ್ರ, ಹಾಗಾಗಿ ರಾತ್ರಿ ಮಗ ಮಲಗಿದ ಮೇಲೆ ಕೂತೆ. ಎಲ್ಲರಿಗೂ ಸಿಗುವ ಕಡತ ಅದು, ನೋಡಿದರೆ ತಪ್ಪೇನಿಲ್ಲ.

ಅವತ್ತು ರಾತ್ರಿ ಮೊದಲ ಸಲ ಹೊರಗಿನವಳ ಹಾಗೆ ನಮ್ಮ ಬ್ಯಾಲೆನ್ಸ್ ಶೀಟ್ ಓದಿದೆ. 2021-22ರಲ್ಲಿ ಮಾರಾಟ 78 ಕೋಟಿ, ಗಿರಾಕಿಗಳ ಬಾಕಿ ಹತ್ತೂವರೆ ಕೋಟಿ. 49 ದಿನದ ಮಾರಾಟದಷ್ಟು. 2023-24ರಲ್ಲಿ ಮಾರಾಟ 90 ಕೋಟಿ, ಬಾಕಿ 19 ಕೋಟಿ. 77 ದಿನ. ಮಾರಾಟ ಸ್ವಲ್ಪ ಏರಿದೆ, ಬಾಕಿ ಹತ್ತಿರ ಹತ್ತಿರ ಎರಡರಷ್ಟಾಗಿದೆ. ಲಾಭ ಎರಡು ವರ್ಷವೂ ಹೆಚ್ಚಿದೆ, ಕ್ಯಾಶ್ ಫ್ಲೋ ಪುಟದಲ್ಲಿ ವ್ಯವಹಾರದಿಂದ ಬಂದ ನಗದು ಮಾತ್ರ ಇಳಿಯುತ್ತಾ ಬಂದು ಕೊನೆಗೆ ಮೈನಸ್ ಆಗಿದೆ. ಷೇರು ಕೊಳ್ಳುವವರು, ಯಾವುದಾದರೂ ಕಂಪನಿಗೆ ಉದ್ದರಿ ಮಾಲು ಕೊಡುವವರು ಬೇರೇನೂ ಓದದಿದ್ದರೂ ಲಾಭ ಮತ್ತು ಈ ನಗದು ಎರಡನ್ನೂ ಪಕ್ಕಪಕ್ಕ ಇಟ್ಟು ಮೂರು ವರ್ಷದ್ದು ನೋಡಿ. ಕಾರೋ 2020 ಅನ್ನುವ ಆಡಿಟ್ ಆದೇಶದ ಪ್ರಕಾರ 5 ಕೋಟಿಗಿಂತ ಜಾಸ್ತಿ ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ (ನಮ್ಮ ಸಿಸಿ ಥರದ್ದು) ಇದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕವೂ ಪುಸ್ತಕವೂ ತಾಳೆ ಆಗುತ್ತವಾ ಅಂತ ಆಡಿಟರ್ ಬರೆಯಬೇಕು. ನಮ್ಮ ವರದಿಯಲ್ಲಿ ಒಂದು ಸಣ್ಣ ಪಟ್ಟಿಯಲ್ಲಿ ವ್ಯತ್ಯಾಸ ಬರೆದೇ ಇದ್ದರು. ಯಾರೂ ಓದಿರಲಿಲ್ಲ. ಆಡಿಟರನ್ನು ನಂಬಬಹುದು ಅನಿಸಿದ್ದು ಆ ಪಟ್ಟಿಯಿಂದ.

ಜುಲೈ 14, ಸೋಮವಾರ. ಎರಡು ಪುಟದ ಪತ್ರ ಬರೆದು ಆಡಿಟರ್ ಆಫೀಸಿಗೆ ಹೋದೆ. ಪತ್ರದಲ್ಲಿ ಯಾರನ್ನೂ ಕಳ್ಳ ಅನ್ನಲಿಲ್ಲ. ವಕೀಲರು ಹಾಗೇ ಹೇಳಿದ್ದರು. ಬಿಲ್ ನಂಬರ್, ಬಿಲ್ಲಿನ ತಾರೀಕು, ಆಕ್ ಡೇಟ್, ರದ್ದಾದ ಇ-ವೇ ಬಿಲ್ ನಂಬರ್, ಗೇಟ್ ರಿಜಿಸ್ಟರಿನ ಪುಟ, ಇಷ್ಟೇ. ‘ಇವು ತಾಳೆ ಆಗುತ್ತಿಲ್ಲ, ದಯವಿಟ್ಟು ಪರಿಶೀಲಿಸಿ’ ಅಂತ ಮುಗಿಸಿದ್ದೆ. ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಆ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಆಡಿಟರ್ ಓದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಿಂದಿನ ವರ್ಷದ ಫೈಲಿನಿಂದ ಮೂರು ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ (ನಾವು ಇಷ್ಟು ಕೊಡಬೇಕು ಅಂತ ಗಿರಾಕಿ ಒಪ್ಪಿ ಬರೆಯುವುದು) ತೆಗೆದು ಮೇಜಿನ ಮೇಲೆ ಇಟ್ಟರು. ಈ ಏಳು ಬಿಲ್ಲಿನ ಪಾರ್ಟಿಗಳದ್ದೇ. ಎರಡು ಕೊಯಮತ್ತೂರಿನವು, ಒಂದು ಪುಣೆಯದು. ಮೂರು ಲೆಟರ್‌ಹೆಡ್ ಬೇರೆ ಬೇರೆ, ಒಳಗಿನ ಅಕ್ಷರ ಒಂದೇ. ಬ್ಯಾಲೆನ್ಸ್ ಅನ್ನುವ ಪದದ ಇಂಗ್ಲಿಷ್ ಸ್ಪೆಲ್ಲಿಂಗ್ ಮೂರರಲ್ಲೂ ಒಂದೇ ಥರ ತಪ್ಪಿತ್ತು. ‘ಇವು ನಿಮ್ಮ ಆಫೀಸಿನ ಮೂಲಕ ಬಂದವು’ ಅಂದರು. ನನ್ನ ಕೈ ತಣ್ಣಗಾಯಿತು. ಫೈನಾನ್ಸ್ ಹೆಡ್ ಕೊಟ್ಟಿದ್ದನ್ನು ಕವರಿಗೆ ಹಾಕಿ ಆಡಿಟರಿಗೆ ಕಳಿಸಿದ್ದು ನಾನೇ.

ಈ ಸಲ ಅವರು ನಮ್ಮ ಕೈಗೆ ಕೊಡಲಿಲ್ಲ. ತಾವೇ ಪಾರ್ಟಿಗಳಿಗೆ ಸ್ಪೀಡ್ ಪೋಸ್ಟ್ ಮಾಡಿದರು, ಉತ್ತರವೂ ನೇರವಾಗಿ ತಮಗೇ ಬರಲಿ ಅಂತ ಬರೆದರು. ಎರಡು ಲಕೋಟೆ ‘ವಿಳಾಸದಲ್ಲಿ ಇಲ್ಲ’ ಅಂತ ವಾಪಸ್ ಬಂದವು. 2020ರಲ್ಲಿ ಜರ್ಮನಿಯ ವೈರ್‌ಕಾರ್ಡ್ ಕಂಪನಿ ಬಿದ್ದಿದ್ದೂ ಇಂಥದ್ದೇ ಒಂದು ಪ್ರಶ್ನೆಯಿಂದ. ಫಿಲಿಪ್ಪೀನ್ಸ್ ಬ್ಯಾಂಕುಗಳಲ್ಲಿದೆ ಅಂತ ತೋರಿಸಿದ್ದ 190 ಕೋಟಿ ಯೂರೋ ಬಗ್ಗೆ ಕೇಳಿದಾಗ ಆ ಬ್ಯಾಂಕುಗಳು ನಮ್ಮಲ್ಲಿ ಅಂಥ ಖಾತೆಯೇ ಇಲ್ಲ ಅಂದವು. ಮೂರನೆಯವರನ್ನು ನೇರವಾಗಿ ಕೇಳದಿದ್ದರೆ ಎಷ್ಟು ದೊಡ್ಡ ಆಡಿಟ್ ಆದರೂ ಪ್ರಯೋಜನ ಇಲ್ಲ.

ಆಗಸ್ಟ್ 6ಕ್ಕೆ ಆಡಿಟರ್ ಪತ್ರ ಬೋರ್ಡಿಗೆ ಹೋಯಿತು. ಅಲ್ಲಿಂದ ಕಾಯುವ ಕಾಲ. ಆಡಿಟರ್ ನನಗೆ ಏನೂ ಹೇಳುವ ಹಾಗಿಲ್ಲ, ನಾನೂ ಕೇಳುವ ಹಾಗಿಲ್ಲ. ದಿನಾ ಅದೇ ಆಫೀಸಿಗೆ ಹೋಗಬೇಕು. ಊಟಕ್ಕೆ ಜೊತೆಯಲ್ಲಿ ಕೂರುತ್ತಿದ್ದವರು ಬೇರೆ ಮೇಜಿಗೆ ಹೋದರು. ಒಬ್ಬಳು ಮಾತ್ರ ಬಾತ್‌ರೂಮಿನ ಹತ್ತಿರ ನನ್ನ ಕೈ ಒತ್ತಿ ಹಿಡಿದು ಹೋಗುತ್ತಿದ್ದಳು.

ಆಗಸ್ಟ್ 19ರಂದು ನಾನು ಎಣಿಸದೇ ಇದ್ದದ್ದು ಬಂತು. ನನಗೇ ಷೋಕಾಸ್ ನೋಟಿಸ್. ಆ ಏಳು ಎಂಟ್ರಿ ನನ್ನ ಲಾಗಿನ್‌ನಿಂದ ಆಗಿದೆ, ನಾನೇ ಸುಳ್ಳು ಬಿಲ್ಲು ಹಾಕಿ ಕಂಪನಿಗೆ ಕೆಟ್ಟ ಹೆಸರು ತಂದೆ ಅಂತ. ಸಂಬಳ ತಡೆಹಿಡಿದರು, ಆಫೀಸಿಗೆ ಬರಬೇಡಿ ಅಂದರು. ಲಾಗಿನ್ ನನ್ನದೇ, ನಿಜ. ಫೆಬ್ರವರಿಯಲ್ಲಿ ಮಗನಿಗೆ ಜ್ವರ ಅಂತ ಮೂರು ದಿನ ರಜೆ ಹಾಕಿದ್ದಾಗ ಪಾಸ್‌ವರ್ಡ್ ಕೇಳಿದರು, ಫೋನಿನಲ್ಲೇ ಹೇಳಿದ್ದೆ. ಬಂದ ಮೇಲೆ ಬದಲಾಯಿಸಲಿಲ್ಲ. ನಮ್ಮ ಆಫೀಸುಗಳಲ್ಲಿ ಪಾಸ್‌ವರ್ಡನ್ನು ಸ್ಟೇಪ್ಲರ್ ಥರ ಎಲ್ಲರೂ ಬಳಸುತ್ತೇವೆ. ಕೈಮುಗಿದು ಹೇಳುತ್ತೇನೆ, ಎಷ್ಟೇ ನಂಬಿಕೆಯವರಾದರೂ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಒಂದು ಮೇಲ್ ಹಾಕಿ, ವಾಪಸ್ ಬಂದ ದಿನವೇ ಬದಲಾಯಿಸಿ. ಕಂಪನಿ ಕಾಯ್ದೆಯ 447ನೇ ಸೆಕ್ಷನ್ನಿನಲ್ಲಿ ಇಷ್ಟು ದೊಡ್ಡ ಮೊತ್ತದ ವಂಚನೆಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲಿದೆ. ಸಾರ್ವಜನಿಕ ಹಿತಾಸಕ್ತಿಯ ವಿಷಯ ಇದ್ದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲ. ದಂಡ, ವಂಚನೆಯ ಮೊತ್ತಕ್ಕೆ ಕಡಿಮೆ ಇಲ್ಲದ ಹಾಗೆ ಮೂರು ಪಟ್ಟಿನವರೆಗೆ. ಅದನ್ನು ಓದಿದ ರಾತ್ರಿ ಗಂಡನ ಮುಖ ನೋಡಲು ನನಗೆ ಆಗಲಿಲ್ಲ.

ನೋಟಿಸಿಗೆ ಉತ್ತರ ಬರೆಯಲು ವಕೀಲರು 15,000 ತೆಗೆದುಕೊಂಡರು. ಮನೆ ಸಾಲದ ಕಂತಿಗೆ ಬಳೆ, ಸರ ಅಡವಿಟ್ಟು 2,40,000 ತಂದೆವು. ಇಂಥ ಕೆಲಸಕ್ಕೆ ಇಳಿಯುವವರು ಆರು ತಿಂಗಳ ಮನೆ ಖರ್ಚು ಮೊದಲೇ ತೆಗೆದಿಡಿ. ನಾವು ಅದನ್ನು ಯೋಚಿಸಿರಲಿಲ್ಲ.

ಸೆಪ್ಟೆಂಬರ್ ಪೂರ್ತಿ ಯಾರಿಂದಲೂ ಒಂದು ಮಾತಿಲ್ಲ. ಅಕ್ಟೋಬರ್ ಕೊನೆಯಲ್ಲಿ ಒಂದು ಫೋನ್ ಬಂತು. ಬ್ಯಾಂಕು ಫೊರೆನ್ಸಿಕ್ ಆಡಿಟರನ್ನು ನೇಮಿಸಿದೆ, ನೀವು ಬರಬೇಕು. ಆಡಿಟರ್ ಎಡಿಟಿ-4 ಕಳಿಸಿದ್ದಾರೆ, ವರ್ಷದ ಲೆಕ್ಕಕ್ಕೂ ಸರಿಯಿದೆ ಅಂತ ಸಹಿ ಹಾಕಿಲ್ಲ ಅನ್ನುವುದೆಲ್ಲ ನನಗೆ ತಿಳಿದಿದ್ದು ಅಲ್ಲಿಗೆ ಹೋದಾಗಲೇ.

ನವೆಂಬರ್‌ನಿಂದ ಜನವರಿವರೆಗೆ ಮೂರು ಸಲ ಕರೆದರು. ಮೊದಲ ಸಲ ನಾಲ್ಕು ಗಂಟೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ನನ್ನನ್ನೇ ಅನುಮಾನಿಸುತ್ತಿದ್ದಾರೆ ಅನಿಸಿ ಗಂಟಲು ಕಟ್ಟಿತು. ಅವರ ಕೆಲಸವೇ ಹಾಗೆ ಅಂತ ಎರಡನೇ ಸಲಕ್ಕೆ ಅರ್ಥವಾಯಿತು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅನ್ನಿ, ಊಹೆ ಹೇಳಬೇಡಿ. ಬರೆದುಕೊಂಡ ಹೇಳಿಕೆಯನ್ನು ಪೂರ್ತಿ ಓದಿಯೇ ಸಹಿ ಹಾಕಿ. ಒಂದು ಕಡೆ ‘ನಾನು ನಮೂದಿಸಿದೆ’ ಅಂತ ಇತ್ತು. ನಾನು ಹೇಳಿದ್ದು ‘ನನ್ನ ಲಾಗಿನ್‌ನಲ್ಲಿ ನಮೂದಾಗಿತ್ತು’ ಅಂತ. ಹೊಡೆದುಹಾಕಿಸಿ, ಪಕ್ಕದಲ್ಲಿ ತಿದ್ದಿಸಿ, ತಿದ್ದಿದ ಜಾಗಕ್ಕೂ ಸಹಿ ಹಾಕಿದೆ.

ನನ್ನನ್ನು ಉಳಿಸಿದ್ದು ಮೂರು ಕಾಗದ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ (ಎಂಟ್ರಿಗಳಲ್ಲಿ ಏನು ಬದಲಾಯಿತು, ಯಾವಾಗ ಅನ್ನುವ ದಾಖಲೆ) ಇರಲೇಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಆ ಲಾಗ್ ಪ್ರಕಾರ ಎಂಟ್ರಿಗಳು ಆಗಿದ್ದು ಏಪ್ರಿಲ್ 4ರ ರಾತ್ರಿ 11.20ರ ಮೇಲೆ. ಅವತ್ತು ನನ್ನ ಬೆರಳಚ್ಚಿನ ಹಾಜರಾತಿಯಲ್ಲಿ ಹೊರಗೆ ಹೋದ ಸಮಯ ಸಂಜೆ 6.40. ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಇ-ಇನ್‌ವಾಯ್ಸ್ ಪೋರ್ಟಲ್ ತೆರೆಯಲು ಓಟಿಪಿ ಬೇಕು. ಆ ರಾತ್ರಿ ಓಟಿಪಿ ಹೋಗಿದ್ದು ಫೈನಾನ್ಸ್ ಹೆಡ್ ಅವರ ಮೊಬೈಲಿಗೆ. ಇದನ್ನು ಅವರ ಮುಂದೆಯೇ ಇಟ್ಟಾಗ ಅವರು ನೀರು ಕೇಳಿದರಂತೆ.

ಎರಡು ವರ್ಷದ ಹಳೆಯ ಬಿಲ್ಲುಗಳನ್ನೂ ತೆಗೆದರು. ಒಂದು ಬಿಲ್ಲಿನಲ್ಲಿ 9 ಟನ್ ಮಾಲು ಹೊತ್ತ ಗಾಡಿಯ ನಂಬರನ್ನು ಸಾರಿಗೆ ಇಲಾಖೆಯ ದಾಖಲೆಯಲ್ಲಿ ನೋಡಿದರೆ ಅದೊಂದು ಪ್ಯಾಸೆಂಜರ್ ಆಟೋ. ಒಟ್ಟು ಸುಳ್ಳು ಬಾಕಿ 6 ಕೋಟಿ ಚಿಲ್ಲರೆ ಅಂತ ವರದಿಯಾಯಿತು. ವರದಿ ಬಂದ ತಕ್ಷಣ ಬ್ಯಾಂಕು ವಂಚನೆ ಅಂತ ಘೋಷಿಸಲು ಆಗುವುದಿಲ್ಲ. ಸಂಬಂಧಪಟ್ಟವರಿಗೆ ನೋಟಿಸ್ ಕೊಟ್ಟು, ಉತ್ತರಕ್ಕೆ ಕನಿಷ್ಠ 21 ದಿನ ಕೊಡಬೇಕು. ಅದು ಈಗ ನಡೆಯುತ್ತಿದೆ. ಕಾರ್ಖಾನೆ ಮುಚ್ಚಿಲ್ಲ. ಸಾಹೇಬರು ಒಂದು ಸೈಟ್ ಮಾರಿ ಬ್ಯಾಂಕಿಗೆ ಕಟ್ಟಲು ಓಡಾಡುತ್ತಿದ್ದಾರೆ. 140 ಜನಕ್ಕೆ ಇನ್ನೂ ಸಂಬಳ ಬರುತ್ತಿದೆ. ಈ ಸುದ್ದಿ ಕೇಳಿದ ದಿನ ನನಗೆ ತುಂಬ ದಿನಗಳ ಮೇಲೆ ಸರಿಯಾಗಿ ನಿದ್ದೆ ಬಂತು.

ನನಗಿದ್ದ ಹಾಗೆ ನೆಟ್ಟಗಿನ ಆಡಿಟರ್ ಸಿಗದವರಿಗೆ ಬೇರೆ ದಾರಿಗಳಿವೆ. ಕಂಪನಿಗಳ ರಿಜಿಸ್ಟ್ರಾರ್ ಕಚೇರಿಗೆ ಎಂಸಿಎ ಪೋರ್ಟಲ್ ಮೂಲಕ ದೂರು ಕೊಡಬಹುದು. ನಮ್ಮ ರಾಜ್ಯದ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಲಿಸ್ಟೆಡ್ ಕಂಪನಿಯಾದರೆ ಹೂಡಿಕೆದಾರರಿಗೆ ಷೇರುಪೇಟೆ ನಿಯಂತ್ರಕ ಸೆಬಿಯ ಸ್ಕೋರ್ಸ್ ಅನ್ನುವ ದೂರಿನ ಪೋರ್ಟಲ್ ಇದೆ. ಯಾವುದೇ ದೂರಾದರೂ ‘ಇಲ್ಲಿ ಮೋಸ ನಡೆಯುತ್ತಿದೆ’ ಅಂತಷ್ಟೇ ಬರೆದರೆ ಮೂಲೆಗೆ ಹೋಗುತ್ತದೆ. ನಂಬರ್, ತಾರೀಕು, ಮೊತ್ತ ಬರೆಯಿರಿ.

ಫೆಬ್ರವರಿಯಲ್ಲಿ ನನ್ನ ಮೇಲಿನ ನೋಟಿಸ್ ವಾಪಸ್ ಪಡೆದ ಪತ್ರ ಬಂತು. ಅಲ್ಲಿ ಮತ್ತೆ ಕೆಲಸ ಮಾಡುವ ಮನಸ್ಸು ಇರಲಿಲ್ಲ. ರಾಜೀನಾಮೆ ಕೊಟ್ಟು, ತಡೆಹಿಡಿದ ಸಂಬಳ, ಗ್ರಾಚ್ಯುಟಿ ಕೇಳಿ ಅರ್ಜಿ ಹಾಕಿದೆ. ನನ್ನ ಡ್ರಾಯರಿನ ಸಾಮಾನು ತರಲು ಒಂದು ದಿನ ಹೋಗಿದ್ದೆ. ಹಳೆಯ ಕ್ಯಾಲ್ಕುಲೇಟರ್, ಮಗನ ಫೋಟೊ, ಒಂದು ಸ್ಟೀಲ್ ಲೋಟ. ಡಬ್ಬ ಹಿಡಿದು ಗೇಟಿಗೆ ಬಂದಾಗ ಸೆಕ್ಯುರಿಟಿ ಅಣ್ಣ ಎದ್ದು ನಿಂತರು. ರಿಜಿಸ್ಟರ್ ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಹೆಸರು ಬರೆದೆ, ಏನೇನು ತೆಗೆದುಕೊಂಡು ಹೋಗುತ್ತಿದ್ದೇನೆ ಅಂತ ಬರೆದೆ. ಅವರು ಗೋಡೆ ಗಡಿಯಾರ ನೋಡಿ ‘ನಾಕು ಇಪ್ಪತ್ತು ಬರೀರಮ್ಮ’ ಅಂದರು. ಬರೆದು ಸಹಿ ಹಾಕಿದೆ.